ಕಡಲಿನ ಚಿತ್ರದಲ್ಲೊಂದು ಕಲೆ

ನಮ್ಮ ಮನೆಗೆ ಸಮುದ್ರ ಬಂದದ್ದು ರಾಜಾಜಿನಗರದ ಒಂದು ಫೋಟೋ ಸ್ಟುಡಿಯೋದಿಂದ. ಅಪ್ಪ ಅಮ್ಮ ಮದುವೆಯಾದ ಹೊಸತರಲ್ಲಿ ತೆಗೆಸಿಕೊಂಡ ಚಿತ್ರ ಅದು. ಅಪ್ಪ ಕುರ್ಚಿಯ ಮೇಲೆ ಕೂತಿದ್ದಾರೆ. ಅಮ್ಮ ಪಕ್ಕದಲ್ಲಿ, ಕುರ್ಚಿಯ ಬೆನ್ನಿನ ಮೇಲೆ ಕೈ ಇಡಬೇಕೋ ಬೇಡವೋ ಎಂಬ ಅನುಮಾನದಲ್ಲಿ ನಿಂತಿದ್ದಾಳೆ. ಇಬ್ಬರ ಹಿಂದೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕಡಲು. ಎಡಕ್ಕೆ ಬಾಗಿದ ಎರಡು ತೆಂಗಿನಮರ, ದೂರದಲ್ಲಿ ಬಿಳಿ ಹಾಯಿಯ ಒಂದು ದೋಣಿ, ಬೆಳಗೋ ಸಂಜೆಯೋ ಗೊತ್ತಾಗದ ಆಕಾಶ. ಪರದೆ ನೆಲಕ್ಕೆ ತಾಗುವಲ್ಲಿ ಒಂದು ಮಡಿಕೆ ಬಿದ್ದು ದಂಡೆಯೇ ಸುಕ್ಕುಗಟ್ಟಿದೆ. ಆಗಿನ ಕಾಲಕ್ಕೆ ಬೆಂಗಳೂರಿನ ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿ ಇಂಥದ್ದೊಂದು ಕಡಲು ಇರುತ್ತಿತ್ತು. ಕಡಲಿಲ್ಲದ ಊರಿನವರಿಗೆ ಐದು ನಿಮಿಷದ ಮಟ್ಟಿಗೆ ದಂಡೆಯಲ್ಲಿ ನಿಂತುಬರುವ ಅವಕಾಶ.

ಚಿಕ್ಕವನಿದ್ದಾಗ ಆ ದೋಣಿಯಲ್ಲಿ ಯಾರಿದ್ದಾರೆ ಎಂದು ನಾನು ಮತ್ತೆ ಮತ್ತೆ ಕೇಳುತ್ತಿದ್ದೆನಂತೆ. “ಯಾರೂ ಇಲ್ಲ ಕಣೋ, ಅದು ಬರೀ ಬಣ್ಣ” ಎನ್ನುತ್ತಿದ್ದಳಂತೆ ಅಮ್ಮ.

ಈಗ ವಿಜಯನಗರದ ನಮ್ಮ ಮನೆಯ ಹಜಾರದಲ್ಲಿ ಇನ್ನೊಂದು ಕಡಲು ತೂಗುಹಾಕಿದ್ದೇವೆ. ಅದನ್ನು ತೆಗೆದವನು ನಾನು. ಅದರಲ್ಲೂ ಬಹಳ ದಿನ ಯಾರೂ ಇರಲಿಲ್ಲ. ಆದರೆ ಸ್ಟುಡಿಯೋದ ಪರದೆಗೂ ನನ್ನ ಚಿತ್ರಕ್ಕೂ ಒಂದು ವ್ಯತ್ಯಾಸವಿದೆ. ಪರದೆಯ ದೋಣಿಯಲ್ಲಿ ನಿಜಕ್ಕೂ ಯಾರೂ ಇರಲಿಲ್ಲ. ನನ್ನ ದಂಡೆಯಲ್ಲಿ ಜನ ಇದ್ದರು.

*

ನಾನು ಕ್ಯಾಮೆರಾ ಹಿಡಿದದ್ದು ಮೂವತ್ತರ ಹತ್ತಿರ ಬಂದಮೇಲೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ದಿನವಿಡೀ ಕಂಪ್ಯೂಟರಿನ ಚೌಕಗಳಲ್ಲಿ ಅಂಕಿ ತುಂಬಿಸುವವನಿಗೆ, ಅಂಚೇ ಇಲ್ಲದ ಕಡಲಿನ ಮೇಲೆ ಮನಸ್ಸು ಹೋದದ್ದು ಆಶ್ಚರ್ಯವಲ್ಲ. ಸಹೋದ್ಯೋಗಿಯೊಬ್ಬರು ಮಾರಿದ ಹಳೆಯ ಕ್ಯಾಮೆರಾ ಕೊಂಡೆ. ಶುಕ್ರವಾರ ರಾತ್ರಿ ನವರಂಗ್ ಬಳಿ ಬಸ್ಸು ಹತ್ತಿದರೆ ನೆಲಮಂಗಲ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಎಲ್ಲ ನಿದ್ದೆಯಲ್ಲೇ ಕಳೆದು ಬೆಳಗಾಗುವ ಹೊತ್ತಿಗೆ ಉಡುಪಿ. ಭಾನುವಾರ ರಾತ್ರಿ ಮತ್ತೆ ಬಸ್ಸು, ಸೋಮವಾರ ಆಫೀಸು. ಹೀಗೆ ವರ್ಷಕ್ಕೆ ಐದಾರು ಸಲ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ಹೆದ್ದಾರಿ ಇರುವ ಮರವಂತೆ. ಬಂಡೆಯ ಮೇಲೆ 1901ರಿಂದ ನಿಂತಿರುವ ಕಾಪು ದೀಪಸ್ತಂಭ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು. ಎಲ್ಲರೂ ತೆಗೆದ ಚಿತ್ರಗಳನ್ನೇ ನಾನೂ ತೆಗೆದೆ.

ಕಲಿಸಿದವರು ಯಾರೂ ಇಲ್ಲ. ಹಂಪಿನಗರದ ಗ್ರಂಥಾಲಯದಲ್ಲಿ ಸಿಕ್ಕ ಒಂದೆರಡು ಹಳೆಯ ಪುಸ್ತಕ, ಮಿಕ್ಕದ್ದೆಲ್ಲ ಯೂಟ್ಯೂಬ್. ಯಾರಾದರೂ “ಎಲ್ಲಿ ಕಲಿತಿರಿ?” ಎಂದರೆ “ನಾನೇ ಕಲಿತೆ” ಎನ್ನುವಾಗ ಒಳಗೊಂದು ಸಣ್ಣ ಹೆಮ್ಮೆ. ಏಕಲವ್ಯನಿಗೆ ಮಣ್ಣಿನ ಗುರುವಾದರೂ ಇದ್ದ, ನನಗೆ ಅದೂ ಇಲ್ಲ ಎಂದು ತಮಾಷೆ ಮಾಡುತ್ತಿದ್ದೆ.

ಮೂರನೇ ವರ್ಷಕ್ಕೆ ನನಗೆ ಎನ್‌ಡಿ ಫಿಲ್ಟರಿನ ಪರಿಚಯವಾಯಿತು. ಗೊತ್ತಿಲ್ಲದವರಿಗೆ ಹೇಳುವುದಾದರೆ ಅದೊಂದು ಕಪ್ಪು ಗಾಜು, ಹೆಚ್ಚುಕಮ್ಮಿ ವೆಲ್ಡಿಂಗ್ ಮಾಡುವವರು ಮುಖಕ್ಕೆ ಹಿಡಿಯುವ ಗಾಜಿನಂಥದ್ದು. ಲೆನ್ಸಿನ ಮುಂದೆ ಸಿಕ್ಕಿಸಿದರೆ ಬೆಳಕಿನ ಸಾವಿರದಲ್ಲೊಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಅಂದರೆ ಸೆಕೆಂಡಿನ ಮೂವತ್ತನೇ ಒಂದು ಭಾಗ ಸಾಕಾಗುತ್ತಿದ್ದ ಕಡೆ ಮೂವತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಶಟರ್ ತೆರೆದಿಡಬೇಕು. ಆ ಮೂವತ್ತು ಸೆಕೆಂಡಿನಲ್ಲಿ ಐದಾರು ಅಲೆ ಬಂದು ಹೋಗಿರುತ್ತವೆ. ಕ್ಯಾಮೆರಾ ಅವನ್ನೆಲ್ಲ ಒಂದರ ಮೇಲೊಂದು ಹಚ್ಚುತ್ತದೆ. ಅಲೆಯ ಏರಿಳಿತ, ನೊರೆಯ ಗದ್ದಲ ಎಲ್ಲ ಅಳಿದು ಕಡಲು ಹಾಲಿನ ಕೆನೆಯ ಹಾಗೆ, ಮಂಜಿನ ಹಾಗೆ ಆಗುತ್ತದೆ. ಮೊದಲ ಸಲ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಅದನ್ನು ನೋಡಿದಾಗ ಮೈ ಜುಮ್ಮೆಂದಿತ್ತು. ಕಣ್ಣಿಗೆ ಎಂದೂ ಕಾಣದ ಕಡಲು ಅದು. ನಾನು ಹುಡುಕುತ್ತಿದ್ದದ್ದು ಇದನ್ನೇ ಅನ್ನಿಸಿತು.

*

ಗೋಡೆಯ ಮೇಲಿನ ಚಿತ್ರ ಮಲ್ಪೆಯ ಪಕ್ಕದ ಪಡುಕೆರೆಯದು. ಒಂದು ಸಂಜೆ, ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆ ಇತ್ತು. ಮರಳಿನಲ್ಲಿ ಟ್ರೈಪಾಡ್ ಊರಿ, ಫಿಲ್ಟರ್ ಹಾಕಿ ಕಾಯುತ್ತಿದ್ದೆ. ಆಗ ಒಂದಷ್ಟು ಜನ ಬಂದು ಕೈರಂಪಣಿ ಎಳೆಯಲು ಶುರುಮಾಡಿದರು. ಬಲೆಯ ಒಂದು ತುದಿಯ ಹಗ್ಗ ದಂಡೆಯಲ್ಲಿ ಉಳಿಯುತ್ತದೆ. ದೋಣಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಕಡಲಿಗೆ ಬಿಡುತ್ತ ಹೋಗಿ ಇನ್ನೊಂದು ತುದಿಯನ್ನು ಸ್ವಲ್ಪ ದೂರದಲ್ಲಿ ದಂಡೆಗೆ ತರುತ್ತದೆ. ಆಮೇಲೆ ಎರಡು ಗುಂಪು ಎರಡು ಹಗ್ಗ ಹಿಡಿದು, ಹಿಂದಕ್ಕೆ ವಾಲಿ ಎಳೆಯಬೇಕು. ಅವರು ನನ್ನ ಫ್ರೇಮಿನ ಸರಿಯಾಗಿ ನಡುವಿಗೆ ಬಂದರು. ನನಗೆ ಸಿಟ್ಟು ಬಂತು. ನಾನೂರು ಕಿಲೋಮೀಟರ್ ದೂರದಿಂದ ಬಂದಿದ್ದೇನೆ, ಈ ಬೆಳಕು ಇನ್ನು ಇಪ್ಪತ್ತು ನಿಮಿಷ ಮಾತ್ರ, ಇವರು ಬೇರೆ ಕಡೆ ಎಳೆಯಬಾರದೇ ಅಂದುಕೊಂಡೆ. ಅದು ಅವರ ಅಂಗಳ ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಮತ್ತೆ ನೆನಪಾಯಿತು: ಮೂವತ್ತು ಸೆಕೆಂಡಿನಲ್ಲಿ ಅಲುಗಾಡುವುದೆಲ್ಲ ಅಳಿಸಿಹೋಗುತ್ತದಲ್ಲ! ಶಟರ್ ಒತ್ತಿದೆ. ಹಾಗೆಯೇ ಆಯಿತು. ಬಂದ ಚಿತ್ರದಲ್ಲಿ ಕಡಲು ಕೆನೆಗಟ್ಟಿತ್ತು, ಆಕಾಶ ಕುಂಕುಮದ ನೀರು ಚೆಲ್ಲಿದಂತಿತ್ತು, ಬಲಬದಿಗೆ ಕವುಚಿ ಹಾಕಿದ ಒಂದು ದೋಣಿ ಸ್ಪಷ್ಟವಾಗಿತ್ತು. ಹಗ್ಗ ಎಳೆಯುತ್ತಿದ್ದವರು ಇರಲಿಲ್ಲ. ಅವರಿದ್ದ ಜಾಗದಲ್ಲಿ ತೆಳ್ಳನೆಯ, ಬೂದುಬಣ್ಣದ ಹೊಗೆಯಂಥ ಒಂದು ಕಲೆ ಉಳಿದಿತ್ತು. ಮನೆಗೆ ಬಂದು, ಕಂಪ್ಯೂಟರಿನಲ್ಲಿ ಪಕ್ಕದ ಮರಳನ್ನು ನಕಲು ಮಾಡಿ ಆ ಕಲೆಯ ಮೇಲೆ ಹಚ್ಚಿದೆ. ಒಂದು ಗಂಟೆಯ ಕೆಲಸ. ಕಾಫಿ ಕುಡಿಯುತ್ತ, ಹಾಡು ಕೇಳುತ್ತ ಮಾಡಿದೆ.

ಆ ಚಿತ್ರಕ್ಕೆ ಒಂದು ಆನ್‌ಲೈನ್ ಸ್ಪರ್ಧೆಯಲ್ಲಿ ಬಹುಮಾನ ಬಂತು. “ಏನು ಶಾಂತಿ!” ಎಂದು ಜನ ಬರೆದರು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಹಾಕಿದೆ.

ಮುಂದಿನ ವರ್ಷ ಪಡುಕೆರೆಗೆ ಹೋದಾಗ ಪೋಸ್ಟ್‌ಕಾರ್ಡಿನ ಅಳತೆಯ ಕೆಲವು ಪ್ರತಿಗಳನ್ನು ಒಯ್ದಿದ್ದೆ. ಅಲ್ಲಿಯವರಿಗೆ ಕೊಟ್ಟರೆ ಖುಷಿಪಡುತ್ತಾರೆ ಎಂಬ ಉದಾರ ಭಾವ. ಮರಳಿನ ಮೇಲೆ ಕೂತು ಬಲೆಯ ಹರಕು ಹೊಲಿಯುತ್ತಿದ್ದ ಹಿರಿಯರೊಬ್ಬರ ಕೈಗೆ ಒಂದನ್ನು ಕೊಟ್ಟೆ. ಅವರು ಕೈಯಳತೆ ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿದು ನೋಡಿದರು.

“ಇದು ನಮ್ಮದೇ ಕಡಲು ಅಲ್ವಾ?”

“ಹೌದು ಯಜಮಾನ್ರೇ. ಹೋದ ವರ್ಷ ತೆಗೆದದ್ದು.”

“ಜನ ಎಲ್ಲಿ ಮಾರಾಯ್ರೆ? ಬಂದ್ ಇದ್ದ ಸಮಯವಾ?”

ಮಳೆಗಾಲದಲ್ಲಿ, ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳ ಬಗ್ಗೆ ಕೇಳಿದ್ದರು. ಅಲ್ಲ, ಡಿಸೆಂಬರ್ ಎಂದೆ.

“ಡಿಸೆಂಬರಿನಲ್ಲಿ ಹೀಗೆ ಖಾಲಿ ಇರುವುದಿಲ್ಲ. ಯಾರಾದರೂ ತೀರಿಕೊಂಡ ದಿನ ಇರಬೇಕು” ಎಂದು ತಮಗೆ ತಾವೇ ಹೇಳಿಕೊಂಡು ಚಿತ್ರವನ್ನು ಹಿಂದಕ್ಕೆ ಕೊಟ್ಟರು. ಸಿಟ್ಟಿನಿಂದಲ್ಲ. ಬೇರೆ ಯಾರದೋ ಮನೆಯ ಫೋಟೋ ತಪ್ಪಿ ಕೈಗೆ ಬಂದರೆ ಹಿಂತಿರುಗಿಸುತ್ತೇವಲ್ಲ, ಹಾಗೆ.

ಅವರ ಪಾಲಿಗೆ ಯಾರೂ ಇಲ್ಲದ ದಂಡೆ ಎಂದರೆ ಒಂದೋ ಬಿರುಗಾಳಿ, ಇಲ್ಲವೇ ನಿಷೇಧ, ಇಲ್ಲವೇ ಸಾವು. ನಾನು ಶಾಂತಿ ಎಂದು ಗೋಡೆಗೆ ತೂಗುಹಾಕಿದ್ದದ್ದು ಅವರ ಕಣ್ಣಿಗೆ ಸೂತಕದ ಚಿತ್ರವಾಗಿತ್ತು.

*

ಇಲ್ಲಿಗೆ ಕತೆ ಮುಗಿದಿದ್ದರೆ ನೀತಿ ಸುಲಭವಾಗಿರುತ್ತಿತ್ತು. ಆದರೆ ಪಕ್ಕದಲ್ಲಿದ್ದ ಹುಡುಗನೊಬ್ಬ, ಬಹುಶಃ ಅವರ ಮೊಮ್ಮಗ, ಆ ಚಿತ್ರವನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು “ಸೂಪರ್ ಉಂಟು ಸಾರ್, ಇದನ್ನು ವಾಟ್ಸಾಪ್ ಮಾಡ್ತೀರಾ?” ಎಂದ. ಅವನ ಚಿಕ್ಕಪ್ಪ ಹೋಮ್‌ಸ್ಟೇ ಮಾಡಲು ಹೊರಟಿದ್ದರಂತೆ. ಅದರ ಜಾಹೀರಾತಿಗೆ ಬೇಕಂತೆ. “ಹೀಗೆ ಕ್ಲೀನ್ ಇದ್ದರೆ ಜನ ಬರ್ತಾರೆ.” ಜನ ಬರಬೇಕಾದರೆ ಚಿತ್ರದಲ್ಲಿ ಜನ ಇರಬಾರದು ಎಂಬುದು ಆ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ನಾನು ಯಾರಿಗಾದರೂ ಅನ್ಯಾಯ ಮಾಡಿದೆನೆ? ಅಳಿಸಿಹೋದವರಲ್ಲಿ ಒಬ್ಬರಿಗೆ ಚಿತ್ರ ಅರ್ಥವಾಗಲಿಲ್ಲ, ಅವರ ಮನೆಯ ಇನ್ನೊಬ್ಬನಿಗೆ ಅದು ಬೇಕೇ ಬೇಕು. ದೂರು ಕೊಡುವವರೇ ಇಲ್ಲದಿರುವಾಗ ತಪ್ಪು ಎಲ್ಲಿದೆ? ಹಿಂತಿರುಗುವ ಬಸ್ಸಿನಲ್ಲಿ ಶುರುವಾದ ಈ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಛಾಯಾಗ್ರಹಣದ ಚರಿತ್ರೆಯಲ್ಲಿ ನನ್ನ ಅನುಭವ ಹೊಸದೇನಲ್ಲ. ಮನುಷ್ಯ ಕಾಣಿಸಿಕೊಂಡ ಮೊದಮೊದಲ ಫೋಟೋಗಳಲ್ಲಿ ಒಂದನ್ನು 1838ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಡಾಗೇರ್ ತೆಗೆದ. ಕಿಟಕಿಯಿಂದ ಕಂಡ ಒಂದು ಜನನಿಬಿಡ ರಸ್ತೆ. ಆದರೆ ಚಿತ್ರದಲ್ಲಿ ರಸ್ತೆ ಬಹುತೇಕ ಖಾಲಿ. ಆಗಿನ ತಟ್ಟೆಗಳಿಗೆ ಹಲವು ನಿಮಿಷ ಬೆಳಕು ಕುಡಿಸಬೇಕಾಗಿತ್ತು. ಗಾಡಿಗಳು, ಕುದುರೆಗಳು, ಓಡಾಡುವ ಜನ ಎಲ್ಲ ಗುರುತೇ ಉಳಿಯದೆ ಮಾಯವಾದರು. ಉಳಿದವನು ಮುಖ್ಯವಾಗಿ ಒಬ್ಬ, ಶೂ ಪಾಲಿಶ್ ಮಾಡಿಸಿಕೊಳ್ಳಲು ಒಂದು ಕಾಲೆತ್ತಿ ಸುಮ್ಮನೆ ನಿಂತವನು. ಪಾಲಿಶ್ ಮಾಡುತ್ತಿದ್ದವನೂ ಇದ್ದಾನೆ, ಆದರೆ ಅವನ ಕೈ ಅಲುಗುತ್ತಿತ್ತು, ಹಾಗಾಗಿ ಮಸುಕು. ನಿಂತು ಸೇವೆ ಪಡೆದವನು ಚರಿತ್ರೆಗೆ ಸೇರಿದ, ಬಗ್ಗಿ ಕೆಲಸ ಮಾಡಿದವನು ಅರ್ಧ ಸೇರಿದ.

ಡಾಗೇರ್‌ಗೆ ಬೇರೆ ದಾರಿ ಇರಲಿಲ್ಲ, ಅವನ ಯಂತ್ರಕ್ಕೆ ಅಷ್ಟೇ ಸಾಧ್ಯವಿತ್ತು. ನನ್ನ ಕ್ಯಾಮೆರಾ ಸೆಕೆಂಡಿನ ನಾಲ್ಕು ಸಾವಿರದ ಒಂದು ಭಾಗವನ್ನೂ ಹಿಡಿಯಬಲ್ಲದು. ಆ ಹಿರಿಯರ ತೋಳಿನ ನರ, ಹಗ್ಗದಿಂದ ಹಾರುವ ನೀರಹನಿ ಎಲ್ಲವೂ ಸಿಗುತ್ತಿತ್ತು. ದುಡ್ಡು ಕೊಟ್ಟು ಕಪ್ಪು ಗಾಜು ಕೊಂಡು ನಾನು ಡಾಗೇರ್‌ನ ಕುರುಡನ್ನು ವಾಪಸು ತಂದುಕೊಂಡಿದ್ದೆ.

ಇನ್ನೊಬ್ಬ ಫ್ರೆಂಚ್ ಛಾಯಾಗ್ರಾಹಕ ಗುಸ್ತಾವ್ ಲೆ ಗ್ರೇ. 1856-57ರಲ್ಲಿ ಅವನು ತೆಗೆದ ಕಡಲಿನ ಚಿತ್ರಗಳನ್ನು ಕಂಡು ಜನ ಬೆರಗಾಗಿದ್ದರು. ಆಗಿನ ರಾಸಾಯನಿಕಗಳು ನೀಲಿ ಬೆಳಕಿಗೆ ಬೇಗ ಸೋಲುತ್ತಿದ್ದವು. ಕಡಲು ಸರಿಯಾಗಿ ಬಂದರೆ ಆಕಾಶ ಬಿಳಿಚಿಕೊಳ್ಳುತ್ತಿತ್ತು. ಲೆ ಗ್ರೇ ಹಲವು ಚಿತ್ರಗಳಲ್ಲಿ ಕಡಲಿಗೊಂದು, ಆಕಾಶಕ್ಕೊಂದು ಬೇರೆ ಬೇರೆ ನೆಗೆಟಿವ್ ಬಳಸಿ, ದಿಗಂತದ ಗೆರೆಯಲ್ಲಿ ಎರಡನ್ನೂ ಹೊಲಿದು ಒಂದೇ ಪ್ರಿಂಟ್ ಮಾಡಿದ. ಎಂದೂ ಒಟ್ಟಿಗೆ ಇರದಿದ್ದ ಕಡಲು ಮತ್ತು ಮೋಡ ಅಲ್ಲಿ ಜೊತೆಯಾದವು. ಅಂದರೆ ಕಡಲಿನ ಫೋಟೋ ಹುಟ್ಟಿದ ಸ್ವಲ್ಪ ಕಾಲದಲ್ಲೇ ಸುಳ್ಳನ್ನೂ ಕಲಿತಿತ್ತು. ಆದರೂ ಆ ಚಿತ್ರಗಳನ್ನು ನೋಡಿದರೆ ನನಗೆ ಮೋಸಹೋದ ಭಾವ ಬರುವುದಿಲ್ಲ. ಅವನು ಸೇರಿಸಿದ್ದು ಕಣ್ಣು ಕಂಡಿದ್ದನ್ನು, ಯಂತ್ರ ಬಿಟ್ಟಿದ್ದನ್ನು. ನಾನು ತೆಗೆದದ್ದು ಕಣ್ಣು ಕಂಡಿದ್ದನ್ನು, ಯಂತ್ರವೂ ಅಲ್ಪಸ್ವಲ್ಪ ಉಳಿಸಿಕೊಂಡಿದ್ದನ್ನು. ಬೂದುಬಣ್ಣದ ಆ ಹೊಗೆ ಕ್ಯಾಮೆರಾದ ಸಾಕ್ಷಿಯಾಗಿತ್ತು. ಅದನ್ನು ಒರೆಸಿದ್ದು ನಾನು.

*

“ಕಲೆಗೆ ಆಯ್ಕೆಯ ಹಕ್ಕಿದೆ, ಫ್ರೇಮ್ ಅಂದರೇನೇ ಬಿಡುವುದು” ಎಂದು ಗೆಳೆಯನೊಬ್ಬ ವಾದಿಸಿದ. ನಿಜ. ಯಾವ ಚಿತ್ರವೂ ಎಲ್ಲವನ್ನೂ ಒಳಗೊಳ್ಳಲಾರದು. ಹಿರೋಶಿ ಸುಗಿಮೊಟೊ ಎಂಬ ಜಪಾನಿ ಛಾಯಾಗ್ರಾಹಕ 1980ರಿಂದ ಲೋಕದ ಬೇರೆ ಬೇರೆ ಕಡಲುಗಳನ್ನು ಒಂದೇ ರೀತಿಯಲ್ಲಿ ತೆಗೆದಿದ್ದಾನೆ: ಮೇಲೆ ಅರ್ಧ ಆಕಾಶ, ಕೆಳಗೆ ಅರ್ಧ ನೀರು, ಮತ್ತೇನೂ ಇಲ್ಲ. ಆದಿಮಾನವ ಕಂಡ ದೃಶ್ಯವನ್ನು ನಾವು ಇಂದೂ ಕಾಣಬಹುದೇ ಎಂಬುದು ಅವನ ಪ್ರಶ್ನೆ. ಆ ಖಾಲಿತನದಲ್ಲಿ ಒಂದು ಪ್ರಶ್ನೆ ಇದೆ, ಅದಕ್ಕಾಗಿ ಅವನು ದಂಡೆಯನ್ನೇ ಬಿಟ್ಟು ನೀರಿನತ್ತ ಮುಖಮಾಡಿದ. ನನ್ನ ಖಾಲಿತನದಲ್ಲಿ ಪ್ರಶ್ನೆ ಇರಲಿಲ್ಲ. ಅಡ್ಡ ಬಂದವರನ್ನು ಪಕ್ಕಕ್ಕೆ ಸರಿಸಿದ್ದೆ, ಅಷ್ಟೇ.

ಹಾಗಾದರೆ ಜನರನ್ನು ಸೇರಿಸಿಕೊಂಡರೆ ಸರಿಹೋಗುತ್ತದೆಯೇ? ಅದನ್ನೂ ಮಾಡಿ ನೋಡಿದೆ. ಒಂದಿಡೀ ವರ್ಷ ಬಲೆ ಬೀಸುವವರನ್ನೇ ತೆಗೆದೆ. ಮುಳುಗುವ ಸೂರ್ಯನ ಎದುರು ಕಪ್ಪು ಆಕೃತಿ, ಗಾಳಿಯಲ್ಲಿ ಬಿಚ್ಚಿಕೊಂಡ ಬಲೆ. ಎಂಥ ಚೆಂದ! ಆಮೇಲೆ ಒಂದು ದಿನ ಆ ಚಿತ್ರಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಒಂದರಲ್ಲೂ ಮುಖವಿಲ್ಲ. ಮೊದಲು ಅವರನ್ನು ಹೊಗೆ ಮಾಡಿದ್ದೆ, ಈಗ ನೆರಳು ಮಾಡಿದ್ದೆ. ಶ್ರೀಲಂಕಾದ ದಕ್ಷಿಣ ಕರಾವಳಿಯಲ್ಲಿ ನೀರಿನಲ್ಲಿ ಊರಿದ ಗಳುಗಳ ಮೇಲೆ ಕೂತು ಮೀನು ಹಿಡಿಯುವವರ ಚಿತ್ರಗಳನ್ನು ನೀವೂ ನೋಡಿರಬಹುದು. ಲೋಕಪ್ರಸಿದ್ಧವಾದ ಆ ಗಳುಗಳ ಮೇಲೆ ಇಂದು ಕೂರುವವರಲ್ಲಿ ಅನೇಕರು ಮೀನಿಗಾಗಿ ಕೂರುವುದಿಲ್ಲ, ಪ್ರವಾಸಿಗಳ ಕ್ಯಾಮೆರಾಕ್ಕಾಗಿ ದುಡ್ಡು ಪಡೆದು ಕೂರುತ್ತಾರೆ. ಚಿತ್ರ ಉಳಿಯಿತು, ಕಸುಬು ಚಿತ್ರದೊಳಗೆ ನಟನೆಯಾಯಿತು.

ಮೂರನೆಯ ದಾರಿ ಸಂಕಟವನ್ನು ತೆಗೆಯುವುದು. ಉಳ್ಳಾಲದ ಕಡೆ ಮಳೆಗಾಲದಲ್ಲಿ ಕಡಲು ದಂಡೆಯನ್ನು ಕೊರೆಯುವಾಗ ಅರ್ಧ ಕುಸಿದ ಮನೆಗಳ ಗೋಡೆಗೆ ಅಲೆ ಬಡಿಯುವ ದೃಶ್ಯ ಕಾಣಸಿಗುತ್ತದೆ. ಒಂದು ಜುಲೈನಲ್ಲಿ ಅದನ್ನೂ ತೆಗೆಯಲು ಹೋಗಿದ್ದೆ. ಒಂದು ಮನೆಯ ಉಳಿದ ಗೋಡೆಯ ಮೇಲೆ ಕ್ಯಾಲೆಂಡರ್ ಇನ್ನೂ ತೂಗುತ್ತಿತ್ತು. ಬೆಳಕು ಅದ್ಭುತವಾಗಿತ್ತು. ದೊಡ್ಡ ಅಲೆ ಬರಲಿ ಎಂದು ಕಾಯುತ್ತಿದ್ದೆ. ಹಾಗೆ ಕಾಯುತ್ತಿರುವಾಗ ನನಗೇ ನಾಚಿಕೆಯಾಯಿತು. ಆ ಮನೆಯವರು ಬರಬಾರದೆಂದು ಬೇಡಿಕೊಳ್ಳುತ್ತಿದ್ದ ಅಲೆಗಾಗಿ ನಾನು ಬೇಡಿಕೊಳ್ಳುತ್ತಿದ್ದೆ.

ಹೀಗೆ ಬಿಟ್ಟರೆ ಒಂದು ತಪ್ಪು, ಸೇರಿಸಿದರೆ ಇನ್ನೊಂದು, ಮರುಗಿದರೆ ಮತ್ತೊಂದು. ಕ್ಯಾಮೆರಾ ಎತ್ತಿ ಅಟ್ಟದ ಮೇಲಿಡುವುದು ಸುಲಭದ ಪರಿಹಾರ. ಆದರೆ ಅದು ಪರಿಹಾರ ಎಂದು ನನಗೆ ಅನ್ನಿಸಲಿಲ್ಲ. ಚಿತ್ರ ತೆಗೆಯದಿದ್ದರೆ ಆ ದಂಡೆಗೆ ನಾನು ಹೋಗುತ್ತಲೇ ಇರಲಿಲ್ಲ, ಆ ಹಿರಿಯರ ಪ್ರಶ್ನೆಯೂ ನನಗೆ ಸಿಗುತ್ತಿರಲಿಲ್ಲ.

*

ಆಗ ನನ್ನ ಕಲಿಕೆಯ ಬಗ್ಗೆಯೇ ಅನುಮಾನ ಹುಟ್ಟಿತು. ಖಾಲಿ ಕಡಲೇ ಸುಂದರ ಎಂದು ನನಗೆ ಯಾರು ಹೇಳಿಕೊಟ್ಟರು? ಯೂಟ್ಯೂಬಿನಲ್ಲಿ ನಾನು ನೋಡಿದ ಪಾಠಗಳೆಲ್ಲ ಐಸ್‌ಲ್ಯಾಂಡ್, ನಾರ್ವೆ, ಸ್ಕಾಟ್ಲೆಂಡಿನ ದಂಡೆಗಳವು. ಕೊರೆಯುವ ಚಳಿ, ಕಪ್ಪು ಮರಳು, ಮೈಲಿಗಟ್ಟಲೆ ನರಪಿಳ್ಳೆ ಇಲ್ಲ. ಅಲ್ಲಿ ಖಾಲಿತನ ಇದ್ದದ್ದೇ ಹಾಗೆ, ಅವರು ಇದ್ದದ್ದನ್ನು ತೆಗೆದರು. ನಾನು ಆ ಖಾಲಿತನವನ್ನು ಸೂತ್ರವೆಂದು ಕಲಿತು ನಮ್ಮ ಕರಾವಳಿಗೆ ಹೊತ್ತು ತಂದೆ. ನಮ್ಮ ದಂಡೆ ಎಂದಾದರೂ ಖಾಲಿ ಇರುತ್ತದೆಯೇ? ಮೀನು ಒಣಗಿಸುವುದು, ಬಲೆ ಹೊಲಿಯುವುದು, ದೋಣಿಗೆ ಬಣ್ಣ ಬಳಿಯುವುದು, ಹುಡುಗರ ಕ್ರಿಕೆಟ್ಟು, ಸಂಜೆಯ ಚುರುಮುರಿ, ಪಿತೃಗಳಿಗೆ ಬಿಡುವ ತರ್ಪಣ, ಎಲ್ಲವೂ ಅಲ್ಲೇ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದವರಿಗೆ ಕಡಲ ತಡಿಯ ಬದುಕು ಎಂಥದೆಂದು ಗೊತ್ತಿರುತ್ತದೆ. ಆ ಕಾದಂಬರಿಯ ಹೆಂಗಸರು ಕಡಲನ್ನು ನೋಡುತ್ತ ಕೂರುವವರಲ್ಲ, ಅದರ ಪಕ್ಕದಲ್ಲಿ ದುಡಿಯುವವರು. ಕಾಲೇಜಿನಲ್ಲಿ ಅದನ್ನು ಓದಿ ಪರೀಕ್ಷೆ ಬರೆದಿದ್ದ ನಾನು, ಟ್ರೈಪಾಡ್ ಊರುವಾಗ ಮಾತ್ರ ಐಸ್‌ಲ್ಯಾಂಡಿನ ಕಣ್ಣು ಹಾಕಿಕೊಂಡಿದ್ದೆ.

ನಾನೇ ಕಲಿತೆ ಎನ್ನುವವರಿಗೂ ಗುರು ಇರುತ್ತಾನೆ. ಅವನು ಯಾರೆಂದು ಗೊತ್ತಿರುವುದಿಲ್ಲ, ಅಷ್ಟೇ. ಶಾಲೆಯಲ್ಲಿ ಕಲಿತವನಿಗೆ ಮೇಷ್ಟರ ಹೆಸರು ಗೊತ್ತಿರುತ್ತದೆ, ಬೇಕಾದರೆ ಜಗಳವಾಡಬಹುದು. ನನ್ನಂಥವನು ರುಚಿಯನ್ನೇ ಕಲಿತುಬಿಟ್ಟು ಅದನ್ನು ಹುಟ್ಟುಗುಣ ಎಂದುಕೊಳ್ಳುತ್ತಾನೆ.

ಆ ಹಿರಿಯರು ಎಳೆಯುತ್ತಿದ್ದದ್ದು ಕೂಡ ಉಳಿದುಕೊಂಡ ಒಂದು ತುಣುಕು ಎಂದು ನಾನು ಆಮೇಲೆ ಓದಿ ತಿಳಿದೆ. ಹಿಂದೆ ಇದ್ದದ್ದು ದೊಡ್ಡ ರಂಪಣಿ. ಹತ್ತಾರು ಜನ ಸೇರಿ ಎಳೆದು, ಬಂದ ಬಂಗುಡೆ, ಬೂತಾಯಿಗಳನ್ನು ಪಾಲು ಹಾಕಿಕೊಳ್ಳುತ್ತಿದ್ದ ಬಲೆ. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ದೋಣಿಗಳು ಬಂದು, ಮೀನಿನ ಹಿಂಡುಗಳನ್ನು ದಂಡೆಗೆ ಬರುವ ಮೊದಲೇ ಆಳದಲ್ಲಿ ಸುತ್ತುಗಟ್ಟಿ ಹಿಡಿಯತೊಡಗಿದವು. ರಂಪಣಿಯ ಕಾಲ ಮುಗಿಯುತ್ತ ಬಂತು. ಕೈರಂಪಣಿ ಅದರ ಸಣ್ಣ ರೂಪ. ಅಂದರೆ ನಾನು ಅವರನ್ನು ಅಳಿಸುವ ಮೊದಲೇ ಕಾಲ ಅವರನ್ನು ಅಳಿಸಲು ಶುರುಮಾಡಿತ್ತು. ನಾನು ಮರಳು ಹಚ್ಚಿ ಮುಗಿಸಿದೆ.

*

ಕೊನೆಯ ಪಾಠ ಕಲಿತದ್ದು ಕಡಲಿನಿಂದ ದೂರ, ಕೆಂಗೇರಿಯಲ್ಲಿ.

ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ನಾವು ಕಡಲಿಲ್ಲದವರು ಎಂದುಕೊಳ್ಳುತ್ತೇವೆ. ಆದರೆ ನಮ್ಮ ಬಚ್ಚಲಿನ ನೀರು ರಾಜಕಾಲುವೆಗಳ ಮೂಲಕ ವೃಷಭಾವತಿಗೆ ಸೇರುತ್ತದೆ. ವೃಷಭಾವತಿ ಮೈಸೂರು ರಸ್ತೆಯ ಮಗ್ಗುಲಲ್ಲೇ ಹರಿದು ಕೆಂಗೇರಿ, ಬೈರಮಂಗಲ ದಾಟಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ, ಕಾವೇರಿ ಬಂಗಾಳಕೊಲ್ಲಿಗೆ. ನಾವು ಕಡಲಿಗೆ ಹೋಗದಿದ್ದರೂ ನಮ್ಮ ಸೋಪಿನ ನೊರೆ ಆ ದಾರಿ ಹಿಡಿದಿರುತ್ತದೆ. ಹತ್ತು ವರ್ಷದಲ್ಲಿ ಸಾವಿರಾರು ಸಲ ಶಟರ್ ಒತ್ತಿದ ನಾನು ಒಂದೇ ಒಂದು ಸಲವೂ ವೃಷಭಾವತಿಯ ಚಿತ್ರ ತೆಗೆದಿರಲಿಲ್ಲ. ಬಸ್ಸು ಆ ಕಡೆ ಹೋಗುವಾಗ ಮೂಗು ಮುಚ್ಚಿಕೊಂಡದ್ದುಂಟು, ಅಷ್ಟೇ.

ಒಂದು ಭಾನುವಾರ ಬೆಳಿಗ್ಗೆ ಕೆಂಗೇರಿ ಬಳಿ ಸೇತುವೆಯ ಪಕ್ಕ ಟ್ರೈಪಾಡ್ ಊರಿದೆ. ಹಾದುಹೋಗುವವರು ಸರ್ವೆಯವನು ಎಂದುಕೊಂಡರೋ ಏನೋ, “ಮೋರಿ ಕ್ಲೀನ್ ಮಾಡಿಸ್ತಾರಾ ಸಾರ್?” ಎಂದು ಒಬ್ಬರು ಕೇಳಿದರು. ಅದೇ ಕಪ್ಪು ಗಾಜು ಹಾಕಿದೆ. ಅದೇ ಮೂವತ್ತು ಸೆಕೆಂಡು. ಕಲ್ಲುಗಳ ಮೇಲಿನಿಂದ ಇಳಿಯುತ್ತಿದ್ದ ಆ ಕಪ್ಪು ನೀರು, ಗುಡ್ಡೆಗಟ್ಟಿದ್ದ ನೊರೆ, ಎಲ್ಲ ಸೇರಿ ಪರದೆಯ ಮೇಲೆ ಬಂದದ್ದು ಹಾಲಿನಂಥ ಒಂದು ತೊರೆ. ಪ್ಲಾಸ್ಟಿಕ್ ಚೀಲಗಳು ತೇಲಿಹೋಗಿ ಅಳಿಸಿಹೋಗಿದ್ದವು. ವಾಸನೆ ಹೇಗೂ ಫೋಟೋದಲ್ಲಿ ಬರುವುದಿಲ್ಲ. ಗೆಳೆಯನಿಗೆ ಕಳಿಸಿದರೆ ಅವನು ಕೇಳಿದ: “ಯಾವ ಫಾಲ್ಸ್ ಇದು? ಚಿಕ್ಕಮಗಳೂರು ಕಡೇದಾ?”

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮಗೆಲ್ಲ ಗೊತ್ತು. ನ್ಯಾಯವಾಗಿ ನುಣ್ಣಗೆ ಕಾಣಬೇಕಾದರೆ ದೂರ ಇರಬೇಕು. ನನ್ನ ಕೈಯಲ್ಲಿದ್ದ ಗಾಜು ಕಾಲ ಬುಡದ ಮೋರಿಯನ್ನೂ ನುಣ್ಣಗೆ ಮಾಡಬಲ್ಲದಾಗಿತ್ತು. ಕಡಲಿಗೂ ಕೊಚ್ಚೆಗೂ ಅದಕ್ಕೆ ಭೇದವಿಲ್ಲ. ಹಾಗಿದ್ದಮೇಲೆ ಪಡುಕೆರೆಯ ಚಿತ್ರದಲ್ಲಿ ಜನ ಮೆಚ್ಚಿದ ಆ ಶಾಂತಿ ಕಡಲಿನದೋ, ಗಾಜಿನದೋ? ನನಗೆ ಈಗ ಉತ್ತರ ಗೊತ್ತಿತ್ತು. ಸೌಂದರ್ಯದ ಮೇಲೆ ನನಗೆ ಸಿಟ್ಟಿಲ್ಲ. ಚಿತ್ರ ಚೆಂದವಾಗಿದ್ದದ್ದು ಅಪರಾಧವಲ್ಲ, ಜನರನ್ನು ಬಿಟ್ಟದ್ದೂ ಬಹುಶಃ ಅಪರಾಧವಲ್ಲ. ಬಿಟ್ಟಮೇಲೆ ಅಲ್ಲಿ ಯಾರೂ ಇರಲಿಲ್ಲ ಎಂದು ನಾನೇ ನಂಬಿಬಿಟ್ಟೆನಲ್ಲ, ಅದು ಅಪರಾಧ. “ಏನು ಶಾಂತಿ” ಎಂದು ಜನ ಬರೆದಾಗ “ಧನ್ಯವಾದ” ಎಂದು ಉತ್ತರಿಸಿದ್ದೆ.

ಕನ್ನಡದಲ್ಲಿ ಫೋಟೋ ‘ತೆಗೆಯುತ್ತೇವೆ’. ಬಾಗಿಲನ್ನೂ ತೆಗೆಯುತ್ತೇವೆ, ಕಸವನ್ನೂ ತೆಗೆಯುತ್ತೇವೆ, ಮಗುವಿಗೆ ದೃಷ್ಟಿಯನ್ನೂ ತೆಗೆಯುತ್ತೇವೆ. ಒಂದು ತೆರೆಯುವುದು, ಇನ್ನೊಂದು ಇಲ್ಲವಾಗಿಸುವುದು. ಶಟರ್ ಒತ್ತುವಾಗ ನಾನು ಯಾವುದನ್ನು ಮಾಡುತ್ತಿದ್ದೇನೆ ಎಂದು ಈಗ ಒಮ್ಮೆ ಕೇಳಿಕೊಳ್ಳುತ್ತೇನೆ. ಇದಕ್ಕೆ ನನ್ನ ಬಳಿ ದೊಡ್ಡ ಸಿದ್ಧಾಂತವಿಲ್ಲ. ಒಂದು ಸಣ್ಣ ಪರೀಕ್ಷೆ ಇದೆ: ಈ ಚಿತ್ರವನ್ನು ಆ ಹೊತ್ತು ಅಲ್ಲಿದ್ದವರ ಕೈಗೆ ಕೊಡಬಲ್ಲೆನೆ? ಅವರು “ಜನ ಎಲ್ಲಿ?” ಎಂದರೆ ತಲೆ ತಗ್ಗಿಸದೆ ಉತ್ತರ ಹೇಳಬಲ್ಲೆನೆ? ಕೆಲವು ಚಿತ್ರಗಳು ಪಾಸಾಗುತ್ತವೆ, ಬಹಳಷ್ಟು ಆಗುವುದಿಲ್ಲ.

*

ಆ ಚಿತ್ರವನ್ನು ನಾನು ಹರಿದುಹಾಕಲಿಲ್ಲ. ಕ್ಯಾಮೆರಾದ ಮೂಲ ಕಡತ ಹಾಗೆಯೇ ಇತ್ತು. ಅದರಿಂದ, ಮರಳು ಹಚ್ಚದೆ, ಮತ್ತೊಂದು ಪ್ರಿಂಟ್ ಹಾಕಿಸಿದೆ. ಅದೇ ಕೆನೆಗಟ್ಟಿದ ಕಡಲು, ಅದೇ ಕುಂಕುಮದ ಆಕಾಶ, ಅದೇ ಕವುಚಿದ ದೋಣಿ, ನಡುವೆ ಬೂದುಬಣ್ಣದ ಹೊಗೆ. ಪ್ರಿಂಟ್ ಹಾಕುವ ಹುಡುಗ “ಸಾರ್, ಇಲ್ಲೊಂದು ಕಲೆ ಇದೆ, ತೆಗೆದುಬಿಡಲಾ?” ಎಂದು ಕೇಳಿದ. ಬೇಡ, ಇರಲಿ ಎಂದೆ. ಕಲಾವಿದನ ಕಲೆಗೂ ಬಟ್ಟೆಯ ಮೇಲಿನ ಕಲೆಗೂ ನಮ್ಮ ಭಾಷೆ ಒಂದೇ ಪದ ಇಟ್ಟಿರುವುದು ಆಗ ನೆನಪಾಗಿ ನಗು ಬಂತು.

ಬಹುಮಾನದ ಸ್ಪರ್ಧೆಗೆ ಪತ್ರ ಬರೆದೆನೆ ಎಂದು ನೀವು ಕೇಳಬಹುದು. ಇಲ್ಲ. ಹುಡುಗನ ಚಿಕ್ಕಪ್ಪನ ಹೋಮ್‌ಸ್ಟೇ ಶುರುವಾಗಿದ್ದರೆ ಖಾಲಿ ದಂಡೆಯ ಚಿತ್ರ ಅದರ ಜಾಹೀರಾತಿನಲ್ಲಿ ಈಗಲೂ ಇರಬಹುದು. ಕೊಟ್ಟದ್ದನ್ನು ವಾಪಸು ಕೇಳುವ ಮನಸ್ಸಾಗಲಿಲ್ಲ. ಹಾಗಾಗಿ ಲೆಕ್ಕ ಪೂರ್ತಿ ಚುಕ್ತಾ ಆಗಿದೆ ಎಂದು ನಾನು ಹೇಳಲಾರೆ.

ಹೊಸ ಪ್ರಿಂಟ್ ಗೋಡೆಗೇರಿದ ದಿನ ಅಮ್ಮ ಅಡುಗೆಮನೆಯಿಂದ ಬಂದವಳು ನಿಂತು ನೋಡಿದಳು. ಹತ್ತಿರ ಹೋಗಿ ಸೆರಗಿನ ತುದಿಯಿಂದ ಗಾಜನ್ನು ಒರೆಸಿದಳು. ಮತ್ತೊಮ್ಮೆ ಒರೆಸಿದಳು.

“ಹೋಗ್ತಾನೇ ಇಲ್ವಲ್ಲೋ ಇದು.”

“ಅದು ಗಾಜಿನ ಮೇಲಿಲ್ಲಮ್ಮ, ಒಳಗಿದೆ.”

“ಏನದು?”

“ಜನ. ಬಲೆ ಎಳೀತಿದ್ರು.”

ಅಮ್ಮ ಕನ್ನಡಕ ಹಾಕಿಕೊಂಡು ಬಂದು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು:

“ಎಷ್ಟು ಜನ ಇದ್ರು?”

ನಾನು ಎಣಿಸಿರಲಿಲ್ಲ.